ಹಾಲುಪುಡಿ ನೀರಿನ ತೊಟ್ಟಿ

ಇಲಿಗೆ ಈಜು ಕಲಿಸುವ ಕೆಲಸಕ್ಕೂ ಸಂಬಳ ಕೊಡುತ್ತಾರಾ ಎಂದು ಹಲ್ಲು ಕಿರಿಯುವವರಿಗೆ ನಾನು ಈಗೀಗ ಉತ್ತರವನ್ನೇ ಕೊಡುವುದಿಲ್ಲ. ಇಲಿಗೆ ಈಜು ಯಾರೂ ಕಲಿಸಬೇಕಾಗಿಲ್ಲ. ನಾವು ನೋಡುವುದು ಅದರ ನೆನಪನ್ನು.

ಮುಂಬಯಿಯ ಪರೇಲಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ನಮ್ಮಲ್ಲಿ ದುಂಡನೆಯ ದೊಡ್ಡ ತೊಟ್ಟಿಯೊಂದಿದೆ, ಮೇಲೆ ಟಿವಿಗೆ ಜೋಡಿಸಿದ ಕ್ಯಾಮೆರಾ. ತೊಟ್ಟಿಯ ನೀರಿಗೆ ಹಾಲುಪುಡಿ ಕದಡಿ ಬೆಳ್ಳಗೆ ಮಾಡುತ್ತೇವೆ. ನೀರಿನ ಮಟ್ಟಕ್ಕಿಂತ ಚೂರು ಕೆಳಗೆ, ಕಣ್ಣಿಗೆ ಕಾಣದಂತೆ, ಒಂದು ಪುಟ್ಟ ಮಣೆ. ಕಪ್ಪು ಇಲಿಯನ್ನು ಬಿಟ್ಟರೆ ಅದು ಕಂಗಾಲಾಗಿ ಈಜಾಡಿ, ಹೇಗೋ ಮಣೆ ಸಿಕ್ಕಿ, ಹತ್ತಿ ನಿಂತು ಮೀಸೆ ಒರೆಸಿಕೊಳ್ಳುತ್ತದೆ. ದಿನಾ ಬಿಟ್ಟರೆ ಗೋಡೆಯ ಚಿತ್ರಗಳನ್ನು ಗುರುತು ಹಿಡಿದು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಆಮೇಲೊಂದು ದಿನ ನಾವು ಮಣೆಯನ್ನೇ ತೆಗೆದುಬಿಡುತ್ತೇವೆ. ನೆನಪಿರುವ ಇಲಿ ಮಣೆ ಇದ್ದ ಜಾಗದಲ್ಲೇ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ನಾವೇ ಮರೆವಿನ ರೋಗ ಬರಿಸಿದ ಇಲಿಗೆ ಎಲ್ಲ ನೀರೂ ಒಂದೇ. ಕೊನೆಗೆ ಎರಡನ್ನೂ ಕೊಂದು ಮಿದುಳು ತೆಗೆಯುತ್ತಾರೆ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂದು ಅಮ್ಮ ನನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದಳು.

ಹಾಲುಪುಡಿಯ ಸಂಗತಿ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಎಂತ ಮಾರಾಯ್ತಿ, ಇಲಿಗೆ ಹಾಲಲ್ಲಿ ಸ್ನಾನ, ನಮ್ಮ ಚಾಕ್ಕೆ ಮಾತ್ರ ನೀರು!"

ಅಪ್ಪ ಉಡುಪಿ ಕಡೆಯವರು. ಇದೇ ಪರೇಲಿನಲ್ಲಿ, ಮಿಲ್ಲಿನ ಗೇಟಿನೆದುರಿನ ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಬೆಳಿಗ್ಗೆ ಶಟರ್ ಎತ್ತುವುದೂ ಅವರೇ. ಗಿರಾಕಿಗಳು ಮರೆತು ಹೋದ ಕೊಡೆ, ಕನ್ನಡಕ, ಟಿಫಿನ್ ಡಬ್ಬಿಗಳನ್ನೆಲ್ಲ ಗಲ್ಲಾದ ಕೆಳಗಿನ ಖಾನೆಯಲ್ಲಿ ಜೋಪಾನ ಮಾಡುತ್ತಿದ್ದರು. ಇದೆಲ್ಲ ಯಾಕೆ ಎಂದು ಕೇಳಿದರೆ, "ಇರ್ಲಿ ಮಗಾ, ಹುಡುಕಿಕೊಂಡು ಬಂದೇ ಬರ್ತಾರೆ" ಎನ್ನುತ್ತಿದ್ದರು. ಮಿಲ್ಲು ಮುಚ್ಚಿತು, ಹಿಂದೆಯೇ ಹೋಟೆಲೂ ಹೋಯಿತು, ಅಲ್ಲಿ ಗಾಜಿನ ಬಿಲ್ಡಿಂಗ್ ಎದ್ದಿತು. ಶಟರಿನ ಬೀಗದ ಕೈ ಮಾತ್ರ ಅಪ್ಪನ ಅಂಗಿಯ ಕಿಸೆಯಲ್ಲೇ ಉಳಿಯಿತು.

ಮರೆವು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರು ಮಿಂದು, ಇಸ್ತ್ರಿ ಅಂಗಿ ತೊಟ್ಟು, "ಲೇಟ್ ಆಯ್ತು, ಹಾಲಿನವ ಬಂದು ನಿಂತಿರ್ತಾನೆ" ಎನ್ನುತ್ತ ಹೊರಟೇಬಿಟ್ಟರು. ಮನೆ ಹತ್ತಿರದ ಮಾಟುಂಗ ಸ್ಟೇಷನ್ನಿನಲ್ಲಿ ಲೋಕಲ್ ಟ್ರೈನ್ ಹತ್ತಿ ಪರೇಲಿನಲ್ಲಿ ಇಳಿದಿದ್ದರು. ಗಾಜಿನ ಬಿಲ್ಡಿಂಗಿನ ವಾಚ್‌ಮನ್ ಅಪ್ಪನ ಮೊಬೈಲಿನಿಂದಲೇ ನನಗೆ ಫೋನು ಮಾಡಿದ. "ಮ್ಯಾಡಮ್, ಬಾಬಾ ಇಧರ್ ಹೀ ಘೂಮ್ ರಹೇ ಹೈಂ." ಅಲ್ಲಲ್ಲೇ ಸುತ್ತುತ್ತಿದ್ದಾರಂತೆ.

ಓಡಿದೆ. ಅಪ್ಪ ಫುಟ್‌ಪಾತಿನಲ್ಲಿ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆಯುತ್ತಿದ್ದರು. ಕೈಯಲ್ಲಿ ಬೀಗದ ಕೈ. "ಇಲ್ಲೇ ಇತ್ತಲ್ಲ ಮಗಾ, ಶಟರ್ ಎಲ್ಲಿ ಹೋಯ್ತು?" ಎಂದು ಕೇಳಿದರು. ಈ ಸುತ್ತಾಟವನ್ನು ನಾನು ಲ್ಯಾಬಿನ ಟಿವಿಯಲ್ಲಿ ದಿನಾ ನೋಡುವವಳು. ಅಲ್ಲೇ, ಜನರ ಎದುರೇ, ಗಳಗಳ ಅತ್ತುಬಿಟ್ಟೆ.

ಅಂದಿನಿಂದ ಅದು ದಿನದ ಪಾಡಾಯಿತು. ಅಮ್ಮ ಬಾಗಿಲಿಗೆ ಬೀಗ ಹಾಕಿದರೆ ಅಪ್ಪ ಬಿಲ್ಡಿಂಗಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದರು. ಅಮ್ಮ ಸಿಕ್ಕ ಸಿಕ್ಕ ದೇವರಿಗೆ ಹರಕೆ ಹೊತ್ತಳು. ಅತ್ತ ನಮ್ಮ ಲ್ಯಾಬಿನಲ್ಲಿ ಒಂದು ಹೊಸ ಔಷಧಿ ಕೊಟ್ಟ ಮೇಲೆ ರೋಗದ ಇಲಿಗಳು ಮತ್ತೆ ಸರಿಯಾದ ಜಾಗದಲ್ಲಿ ಸುತ್ತತೊಡಗಿದವು. ಆ ಔಷಧಿ ಮನುಷ್ಯರಿಗೆ ಯಾವಾಗ ಬರುತ್ತದೆ ಎಂದು ನಮ್ಮ ಸರ್ ಅವರನ್ನು ಕೇಳಿದೆ. "ಇಲಿ ಗುಣವಾಗುವುದು ಸುಲಭ" ಎಂದವರು ತಲೆ ತಗ್ಗಿಸಿದರು. ಅವರ ಮೇಲೂ ಸಿಟ್ಟು ಬಂತು, ಆ ಇಲಿಗಳ ಮೇಲೂ ಬಂತು. ಇಲಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಒಂದು ಬೆಳಿಗ್ಗೆ ಅಪ್ಪ ಹೊರಡಲಿಲ್ಲ. ಮರುದಿನವೂ ಇಲ್ಲ. ಬಾಗಿಲು ತೆರೆದಿಟ್ಟರೂ ಕಿಟಕಿಯ ಹತ್ತಿರ ಸುಮ್ಮನೆ ಕೂತರು. ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ದೇವರು ಕಣ್ಣು ಬಿಟ್ಟ ಮಗಾ, ಇನ್ನು ಹುಡುಕ್ಲಿಕ್ಕೆ ಹೋಗುವ ಕಷ್ಟ ಇಲ್ಲ" ಎಂದು ಪಾಯಸಕ್ಕೆ ಇಟ್ಟಳು. ಹುಡುಕಾಟ ನಿಂತರೆ ಏನರ್ಥ ಎಂಬುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಏಲಕ್ಕಿ ಕುಟ್ಟಿಕೊಟ್ಟೆ.

ಅಪ್ಪ ಬಟ್ಟಲು ಖಾಲಿ ಮಾಡಿ, ಬಾಯಿ ಒರೆಸಲು ಕಿಸೆಯಲ್ಲಿ ಕರವಸ್ತ್ರ ಹುಡುಕಿದರು. ಬೀಗದ ಕೈ ಸಿಕ್ಕಿತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನತ್ತ ಚಾಚಿದರು. ಗುರುತಿಲ್ಲದವರೊಡನೆ ಮಾತಾಡುವ ಮರ್ಯಾದೆ ಅವರ ದನಿಯಲ್ಲಿತ್ತು.

"ನೋಡಿ, ಇದು ಯಾರೋ ಗಿರಾಕಿ ಬಿಟ್ಟು ಹೋದದ್ದು. ಗಲ್ಲಾದಲ್ಲಿ ಇಡಿ. ಹುಡುಕಿಕೊಂಡು ಬರ್ತಾರೆ."

ಹಳೆಯ ತಮಾಷೆ ಮರಳಿತು ಎಂದುಕೊಂಡು ಅಮ್ಮ ನಕ್ಕಳು. ನಾನೂ ನಕ್ಕೆ, ಕೈಯೊಡ್ಡಿ ತೆಗೆದುಕೊಂಡೆ. "ಇಡ್ತೇನೆ" ಎಂದೆ.

ಅದು ಈಗಲೂ ನನ್ನ ಹತ್ತಿರವೇ ಇದೆ. ಹುಡುಕಿಕೊಂಡು ಯಾರೂ ಬಂದಿಲ್ಲ.