ಉಗ್ರಾಣದ ಬುರುಲ್ಚಾ ಬರೆದ ಸೊನ್ನೆ

ನನ್ನ ಎಡಗೈಯಲ್ಲಿ ಈಗ ಉಳಿದಿರುವುದು ಎರಡೇ ಬೆರಳು. ಕೇಳಿದವರು ಲೊಚಗುಟ್ಟುತ್ತಾರೆ. ಲೊಚಗುಟ್ಟಬೇಡಿ. ಆ ಎರಡು ಬೆರಳಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ, ಕಚೇರಿಯಲ್ಲಿ ಕೂತು ಮಾಡುವ ಕೆಲಸವೂ ಇದೆ. ಮನೆಯಲ್ಲಿ ಒಲೆ ಉರಿಯುತ್ತಿದೆ, ಹೆಣ್ಣುಮಕ್ಕಳಿಬ್ಬರೂ ಓದುತ್ತಿದ್ದಾರೆ. ಇದೆಲ್ಲ ಬುರುಲ್ಚಾ ಎಂಬ ಒಬ್ಬ ಮುಂಗೋಪಿ ಹೆಂಗಸಿನ ಋಣ. ತೀರಿಸಲಾಗದ ಋಣ ಎಂದು ಈಗಲೇ ಹೇಳಿಬಿಡುತ್ತೇನೆ.

ಕರಾ-ತೆಕೆ ಕಣಿವೆಯ ನಮ್ಮ ವಿದ್ಯುತ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಉಗ್ರಾಣ ನೋಡಿಕೊಂಡವಳು ಅವಳು. ಕಂಬ ಹತ್ತುವ ನಾವು ಬೆಳಿಗ್ಗೆ ಅವಳ ಕಿಟಕಿಯ ಮುಂದೆ ಸಾಲು ನಿಲ್ಲಬೇಕು. ರಬ್ಬರ್ ಕೈಗವಸು ಕೊಟ್ಟರೆ ಎತ್ತಿಕೊಂಡು ಹೋಗುವ ಹಾಗಿಲ್ಲ. ಅವಳೆದುರೇ ಅದರ ಬಾಯಿಯಿಂದ ಸುರುಳಿ ಸುತ್ತುತ್ತಾ ಬಂದು, ಒಳಗೆ ಸಿಕ್ಕ ಗಾಳಿಯಿಂದ ಬೆರಳುಗಳು ಉಬ್ಬಿದಾಗ ಕೆನ್ನೆಗೆ ಹಿಡಿದು ನೋಡಬೇಕು. ಎಲ್ಲಾದರೂ ತೂತಿದ್ದರೆ ಗಾಳಿ ಕೆನ್ನೆಗೆ ತಾಗುತ್ತದೆ. ಅವಸರದಲ್ಲಿ ಹಿಡಿದಂತೆ ಮಾಡಿದವರಿಗೆ, "ಹೆಂಡತಿ ಕೆನ್ನೆ ಆದ್ರೆ ಬಿಡ್ತಿದ್ಯಾ? ಸರಿಯಾಗಿ ಒತ್ತಿ ಹಿಡಿಯೋ" ಎನ್ನುತ್ತಿದ್ದಳು. ಕೈಗವಸಿನ ಮೇಲಿನ ಪರೀಕ್ಷೆಯ ಮುದ್ರೆಯ ದಿನಾಂಕ ದಾಟಿದ್ದರೆ ಅದು ತಿರಸ್ಕಾರದ ಪೆಟ್ಟಿಗೆಗೆ. ಬೇರೆ ಜೋಡಿ ಇಲ್ಲವೆಂದರೆ ಆ ದಿನ ನಾವು ಕಂಬ ಹತ್ತುವಂತಿಲ್ಲ. ನಾವು ಬೈದುಕೊಳ್ಳುತ್ತಿದ್ದೆವು, ನಾನಂತೂ ಎಲ್ಲರಿಗಿಂತ ಹೆಚ್ಚು.

ಗೇಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. 'ಅಪಘಾತವಿಲ್ಲದ ದಿನಗಳು' ಎಂಬ ಬಿಳಿ ಅಕ್ಷರದ ಕೆಳಗೆ ನಮ್ಮ ಮುಖ್ಯಸ್ಥ ಮೆದೆರ್‌ಬೆಕ್ ದಿನವೂ ತನ್ನ ಕೈಯಾರೆ ಸೀಮೆಸುಣ್ಣದಲ್ಲಿ ಒಂದು ದಿನ ಏರಿಸುತ್ತಿದ್ದ. ಸಂಖ್ಯೆ ಸಾವಿರ ದಾಟಿದ ವರ್ಷ ಮೇಲಿನ ಕಚೇರಿ ಅವನಿಗೆ ಗಡಿಯಾರ ಕೊಟ್ಟಿತು, ನಮಗೆಲ್ಲ ಇನಾಮು ಕೊಟ್ಟಿತು. ಅಪಘಾತ ಆಗುತ್ತಿರಲಿಲ್ಲ ಅಂತಲ್ಲ. ಆದದ್ದೆಲ್ಲ ಕಾಗದದಲ್ಲಿ ಅವರವರ ಮನೆಯಲ್ಲೇ ಆಗುತ್ತಿತ್ತು. ನನ್ನ ಜೊತೆಗಾರ ಸೂಯುನ್ ಕಂಬದಿಂದ ಬಿದ್ದು ಕಾಲು ಮುರಿದುಕೊಂಡಾಗ, ಕುದುರೆಯಿಂದ ಬಿದ್ದ ಎಂದು ಬರೆದರು. ನಡೆಯುವ ಮೊದಲೇ ಸವಾರಿ ಕಲಿತವನು ಸೂಯುನ್. ಮುರಿದ ಕಾಲಿಗಿಂತ ಆ ಮಾತೇ ಅವನನ್ನು ಹೆಚ್ಚು ನೋಯಿಸಿತು. ಸಾಕ್ಷಿ ಎಂದು ಐದು ಜನ ಸಹಿ ಹಾಕಿದೆವು. ಬುರುಲ್ಚಾ ಹಾಕಲಿಲ್ಲ. ನಾನು ಹಾಕಿದೆ.

ಆಮೇಲೆ ನನ್ನ ಸರದಿ ಬಂತು. ಜನವರಿ ತಿಂಗಳು. ಮಗಳ ಹೆರಿಗೆಗೆಂದು ಬುರುಲ್ಚಾ ಬೇರೆ ಊರಿಗೆ ಹೋಗಿದ್ದಳು. ಕುರಿದೊಡ್ಡಿಯ ಕಡೆಯ ತಂತಿ ಕಡಿದುಬಿದ್ದಿತ್ತು. ಮೆದೆರ್‌ಬೆಕ್ ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಉಗ್ರಾಣ ತೆಗೆದು, ಆ ತಿರಸ್ಕಾರದ ಪೆಟ್ಟಿಗೆಯಿಂದಲೇ ಒಂದು ಜೋಡಿ ಎತ್ತಿ ಕೊಟ್ಟ. ಆ ಚಳಿಗೆ ರಬ್ಬರ್ ಕಟ್ಟಿಗೆಯಂತಾಗಿತ್ತು. ಸುರುಳಿ ಸುತ್ತಿ ನೋಡುವ ಗೋಜಿಗೆ ನಾನು ಹೋಗಲಿಲ್ಲ, ಎಲ್ಲಿಂದಾದರೂ ವಿದ್ಯುತ್ ಬಂದರೆ ನೆಲಕ್ಕಿಳಿಯಲೆಂದು ಭೂಮಿಗೆ ತಂತಿ ಕಟ್ಟುವಷ್ಟು ತಾಳ್ಮೆಯೂ ಇರಲಿಲ್ಲ. ಅದು ನನ್ನ ತಪ್ಪೇ. ಲೈನಿನಲ್ಲಿ ವಿದ್ಯುತ್ ಇಲ್ಲ ಎಂದುಕೊಂಡು ಹತ್ತಿದೆ. ಅಷ್ಟರಲ್ಲಿ ದೊಡ್ಡಿಯವರು ಮರಿಗಳಿಗೆ ಚಳಿಯಾಗುತ್ತದೆಂದು ತಮ್ಮ ಜನರೇಟರ್ ಹಚ್ಚಿದರು. ಅದರ ವಿದ್ಯುತ್ ತಂತಿಯಲ್ಲಿ ತಿರುಗಿ ನನ್ನ ಕಡೆಗೇ ಬಂತು.

ಮೂರು ಬೆರಳು ಹೋದವು. ಎರ್ಮೆಕ್‌ಗೆ ಮನೆಯಲ್ಲಿ ಕುರಿ ಕಡಿಯುವಾಗ ಕೊಡಲಿ ತಾಗಿತು ಎಂದು ನನ್ನ ಹೆಸರಿನಲ್ಲಿ ಕಾಗದ ತಯಾರಾಯಿತು. ಕೆಲಸದಲ್ಲಿ ಆದ ಗಾಯವಲ್ಲ ಎಂದಮೇಲೆ ಪಿಂಚಣಿ ಇಲ್ಲ. ಕಂಬ ಹತ್ತಲಾಗದವನಿಗೆ ನೌಕರಿಯೂ ಇಲ್ಲ. ಆ ಕಾಗದದಲ್ಲಿ ಸೂಯುನ್‌ನ ಸಹಿ ಇತ್ತು. ಅವನು ಆಸ್ಪತ್ರೆಗೆ ಮಾಂಸದ ಸಾರು ತಂದು, ಕಿಟಕಿಯನ್ನೇ ನೋಡುತ್ತಾ ಕೂತ. ಯಾವ ಮುಖ ಹೊತ್ತು ಅವನನ್ನು ಬೈಯಲಿ? ಸಾರು ಕುಡಿದೆ.

ಬುರುಲ್ಚಾ ತಿರುಗಿ ಬಂದವಳೇ ಪೆಟ್ಟಿಗೆ ಎಣಿಸಿದಳು. ಒಂದು ಜೋಡಿ ಕಡಿಮೆ. ಅದನ್ನು ಒಲೆಗೆ ಹಾಕು ಎಂದು ಮೆದೆರ್‌ಬೆಕ್ ಕಾವಲುಗಾರನಿಗೆ ಹೇಳಿದ್ದನಂತೆ. ರಬ್ಬರ್ ಸುಟ್ಟರೆ ನಾತ ತಡೆಯಲಾಗದು ಎಂದು ಆ ಪುಣ್ಯಾತ್ಮ ಬೂದಿಗುಡ್ಡೆಗೆ ಎಸೆದಿದ್ದ. ಅವಳು ಮೊಣಕಾಲವರೆಗೆ ಬೂದಿಯಲ್ಲಿ ನಿಂತು ಹುಡುಕಿ ತೆಗೆದಳು. ಅಂಗೈಯಲ್ಲಿ ಸುಟ್ಟ ತೂತು, ಮಣಿಕಟ್ಟಿನ ಹತ್ತಿರ ಒಂದು ವರ್ಷದ ಹಿಂದೆಯೇ ಅವಧಿ ಮುಗಿದ ಮುದ್ರೆ. ಅದನ್ನು ಟವೆಲಿನಲ್ಲಿ ಸುತ್ತಿ ಚಹಾದ ಕಪಾಟಿನಲ್ಲಿಟ್ಟು, ಕಾರ್ಮಿಕ ತಪಾಸಣೆಯವರಿಗೆ ಪತ್ರ ಬರೆದಳು.

ಏಪ್ರಿಲ್‌ನಲ್ಲಿ ಚಿನಾರಾ ಎಂಬ ತಪಾಸಣಾಧಿಕಾರಿ ಬಂದಳು. ಮೆದೆರ್‌ಬೆಕ್ ಕುರಿ ಕಡಿಸಿದ್ದ. ಸಭೆಯ ಕೋಣೆಯಲ್ಲಿ ಉದ್ದಕ್ಕೆ ಬಟ್ಟೆ ಹಾಸಿ ಒಣದ್ರಾಕ್ಷಿ, ಮಿಠಾಯಿ, ಬೆಣ್ಣೆ ಎಲ್ಲ ಇಟ್ಟಿದ್ದರು. ಅವಳು ಊಟ ಮುಟ್ಟದೆ ಮೊದಲು ಕಾಗದ ನೋಡಿದಳು. ಕಾಗದವೆಲ್ಲ ತೊಳೆದಿಟ್ಟ ಬಟ್ಟಲಿನಷ್ಟು ಚೊಕ್ಕ. ಕೆಲಸಗಾರರನ್ನು ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲರೂ ಬೂಟು ನೋಡಿಕೊಂಡರು. ಮಧ್ಯಾಹ್ನಕ್ಕೆ ಅವಳು ಕೋಟು ಹಾಕಿಕೊಳ್ಳತೊಡಗಿದಳು. ನನ್ನನ್ನು ಯಾರೂ ಕರೆದಿರಲಿಲ್ಲ. ಬುರುಲ್ಚಾ ಬೆಳಿಗ್ಗೆಯಿಂದ ನನ್ನನ್ನು ಉಗ್ರಾಣದಲ್ಲಿ ಕೂರಿಸಿ ಚಹಾ ಕುಡಿಸುತ್ತಿದ್ದಳು. ಈಗ ನನ್ನ ತೋಳು ಹಿಡಿದು ಎಬ್ಬಿಸಿ, ಇನ್ನೊಂದು ಕೈಯಲ್ಲಿ ದುಂಡು ರೊಟ್ಟಿ ತೆಗೆದುಕೊಂಡು ಹೊರಟಳು.

ಹೊರಡುವಾಗ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಳ್ಳದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಅತಿಥಿಗೆಂದೇ ತಂದಳು ಎಂದು ಎಲ್ಲರೂ ಭಾವಿಸಿದರು. ಅವಳು ರೊಟ್ಟಿ ಮುರಿದು ಮೆದೆರ್‌ಬೆಕ್‌ನ ಮುಂದೆ ಹಿಡಿದಳು.

"ಇದನ್ನ ಕೈಯಲ್ಲಿ ಹಿಡ್ಕೊಳಪ್ಪಾ. ಎರ್ಮೆಕ್ ಕುರಿ ಕಡಿಯುವಾಗ ಬೆರಳು ಕಳ್ಕೊಂಡ ಅಂತ ಹೇಳಿ ಒಂದು ಚೂರು ತಿನ್ನು. ನಾನು ಬಾಯಿ ಮುಚ್ಕೊಂಡು ಹೋಗ್ತೀನಿ."

ಕಾಗದದ ಮೇಲೆ ನಾವು ಏನು ಬೇಕಾದರೂ ಬರೆಯುತ್ತೇವೆ, ನಾಚಿಕೆ ಇಲ್ಲದ ಜನ. ಆದರೆ ರೊಟ್ಟಿ ಹಿಡಿದು ಸುಳ್ಳು ಹೇಳಿದರೆ ಅದು ಹೊಡೆಯುತ್ತದೆ, ನಮ್ಮನ್ನಲ್ಲದಿದ್ದರೆ ಮಕ್ಕಳನ್ನು. ಮೆದೆರ್‌ಬೆಕ್ ನಕ್ಕ. ಇದೇನಕ್ಕ, ಅತಿಥಿಗಳೆದುರು ನಾಟಕ, ಎಂದ. ಕೈ ಮಾತ್ರ ಮೊಣಕಾಲು ಬಿಟ್ಟು ಮೇಲೇಳಲಿಲ್ಲ. ರೊಟ್ಟಿ ಹಾಗೇ ಗಾಳಿಯಲ್ಲಿತ್ತು. ಅವಳು ಒಂದು ಹೆಜ್ಜೆ ಸರಿದು ಅದನ್ನು ಸೂಯುನ್‌ನ ಮುಂದೆ ಹಿಡಿದಳು. ಅವನು ತಗೊಂಡ.

"ನಾನು ಕುದುರೆಯಿಂದ ಬಿದ್ದೋನಲ್ಲ. ಕಂಬದಿಂದ ಬಿದ್ದೋನು. ಎರ್ಮೆಕ್ ಕೈ ಸುಟ್ಟಿದ್ದು ತಂತಿ ಮೇಲೆ. ನಾನು ಕೆಳಗೇ ನಿಂತಿದ್ದೆ" ಎಂದು ಹೇಳಿ ರೊಟ್ಟಿ ತಿಂದ.

ನಾನೂ ಒಂದು ಚೂರು ಕೇಳಿ ತಗೊಂಡೆ. ಸೂಯುನ್‌ನ ಸುಳ್ಳು ಕಾಗದಕ್ಕೆ ನಾನು ಸಹಿ ಹಾಕಿದ್ದೆ ಎಂದು ಹೇಳಿ ತಿಂದೆ. ಬುರುಲ್ಚಾ ಟವೆಲ್ ಬಿಚ್ಚಿ, ಸುಟ್ಟ ಕೈಗವಸುಗಳನ್ನು ಮಿಠಾಯಿಗಳ ನಡುವೆ ಇಟ್ಟಳು. ಚಿನಾರಾ ಕೋಟು ಬಿಚ್ಚಿ ಮತ್ತೆ ಕೂತಳು.

ಅವಳು ಮೂರು ದಿನ ಇದ್ದಳು. ಆರು ಅಪಘಾತಗಳು ಅವುಗಳ ನಿಜವಾದ ಹೆಸರಿನಲ್ಲಿ ದಾಖಲಾದವು. ಅಪಾಯದ ಕೆಲಸಕ್ಕೆ ಕೊಡಬೇಕಾದ ಹೆಚ್ಚಿನ ಸಂಬಳವನ್ನು ಎಷ್ಟೋ ವರ್ಷದಿಂದ ನಮಗೆ ಕೊಟ್ಟೇ ಇರಲಿಲ್ಲ ಎಂಬುದೂ ಹೊರಬಿತ್ತು. ಕಚೇರಿಗೆ ದಂಡ ಬಿತ್ತು, ಮೆದೆರ್‌ಬೆಕ್ ಕುರ್ಚಿ ಬಿಟ್ಟ. ಈಗಲೂ ಸಂತೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾನೆ, ನಾನೂ ಮಾತಾಡುತ್ತೇನೆ. ಬುರುಲ್ಚಾ ಮಾತ್ರ ಆ ಮೂರು ದಿನಗಳಲ್ಲಿ ಮೊದಲನೆಯ ದಿನವೇ ಒದ್ದೆ ಬಟ್ಟೆ ಹಿಡಿದು ಗೇಟಿಗೆ ಹೋಗಿ, ಸಾವಿರದ ನಾನೂರ ಹನ್ನೆರಡನ್ನು ಒರೆಸಿ ಸೊನ್ನೆ ಬರೆದಳು. ಇನ್ನು ಎಣಿಸಿ ಎಂದಳು. ಆ ವರ್ಷ ಯಾರಿಗೂ ಇನಾಮು ಬರಲಿಲ್ಲ. ಕೆಲವರ ಹೆಂಡತಿಯರು ಬೇಸಿಗೆ ಮುಗಿಯುವವರೆಗೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವಳು ಅವರ ಗಂಡಂದಿರಿಗೆ ಕೈಗವಸು ಸುತ್ತಿಸುತ್ತಲೇ ಇದ್ದಳು.

ಕಳೆದ ಶರತ್ಕಾಲದಲ್ಲಿ ಅವಳು ನಿವೃತ್ತಿಯಾದಳು. ಅಂದು ಹಲಗೆಯ ಮೇಲಿದ್ದದ್ದು ಬರೀ ಒಂಬತ್ತು, ಯಾಕೆಂದರೆ ಹಿಂದಿನ ವಾರ ಒಬ್ಬನ ಪಾದ ಉಳುಕಿತ್ತು, ಅದನ್ನೂ ಬರೆದಿದ್ದೆವು. ಬೀಳ್ಕೊಡುಗೆಯ ಮಾತಾಡಲು ನನ್ನನ್ನು ನಿಲ್ಲಿಸಿದರು. ಎರಡು ಬೆರಳಲ್ಲಿ ರೊಟ್ಟಿ ಹಿಡಿದು ನಿಂತೆ. ಬರೆದುಕೊಂಡು ಹೋದದ್ದು ಒಂದೂ ನೆನಪಾಗಲಿಲ್ಲ. "ಅಕ್ಕಾ, ನೀನಿಲ್ದಿದ್ರೆ ನನ್ನ ಮನೆ ಇರ್ತಿರಲಿಲ್ಲ" ಎಂದಷ್ಟೇ ಹೇಳಿ ಅತ್ತುಬಿಟ್ಟೆ.

ಅವಳು ರೊಟ್ಟಿಯನ್ನು ತಗೊಂಡು ಪಕ್ಕಕ್ಕಿಟ್ಟಳು. ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಕೈಗವಸು ನೋಡುವಂತೆಯೇ ತನ್ನ ಕೆನ್ನೆಗೆ ಒತ್ತಿಕೊಂಡಳು.

"ಸೋರ್ತಾ ಇಲ್ಲ. ಹೋಗು, ಕೆಲಸ ನೋಡು" ಎಂದಳು.