ಮೊಲದ ಒಪ್ಪತ್ತು ಮತ್ತು ಕಣಗಿಲೆ ಹೂವು

ಸೋಮವಾರ ಒಪ್ಪತ್ತು ಮಾಡುವ ಮೊಲವನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಹೊಳೆನರಸೀಪುರದಲ್ಲಿ ನಮ್ಮ ಬೀದಿಗೆ ಬನ್ನಿ. ಒಂದಿದೆ. ಅದಕ್ಕೆ ಆ ವ್ರತ ಹಿಡಿಸಿದ ಗುರು ನಾನೇ.

ಮೊಲ ಪಕ್ಕದ ಮನೆಯ ಗೌರಮ್ಮನವರದು. ಹೆಸರು ಬೆಳ್ಳಿ. ಗೌರಮ್ಮನ ತಮ್ಮ ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು. ತೋಟದ ಇಂಗ್ಲಿಷ್ ದೊರೆ ಯುದ್ಧಕ್ಕೆ ಹೊರಡುವಾಗ ತಾನು ಸಾಕಿದ ಮೊಲವನ್ನು ಇವನ ಕೈಗೆ ಕೊಟ್ಟುಹೋದ. ಇವನು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬುಟ್ಟಿ ಹೊತ್ತು ತಂದು ಅಕ್ಕನ ಮಡಿಲಿಗೆ ಹಾಕಿದ. ಆಕೆ ಒಂಟಿ ಹೆಂಗಸು. ಮೂರೇ ತಿಂಗಳಲ್ಲಿ ಮೊಲ ಮಗಳಾಯಿತು. (ನಿಜವಾದ ಮಗಳಾಗಿದ್ದರೆ ಅಷ್ಟು ಮಾತನ್ನು ಕೇಳಿಸಿಕೊಂಡು ಕೂರುತ್ತಿರಲಿಲ್ಲ.)

ನನ್ನ ಕೈ ಸುಮ್ಮನಿರುತ್ತದೆಯೇ? ಒಂದು ಸೋಮವಾರ ಬೆಳಿಗ್ಗೆ ಬೇಲಿಯ ಸಂದಿಯಿಂದ ಬೆಳ್ಳಿಗೆ ಹೊಟ್ಟೆ ಬಿರಿಯುವಷ್ಟು ಗರಿಕೆ ತಿನ್ನಿಸಿದೆ. ಆಮೇಲೆ ಗೌರಮ್ಮ ಸೊಪ್ಪು ಹಿಡಿದರೆ ಅದು ಮುಖ ತಿರುಗಿಸಿತು.

“ಇವತ್ತು ಸೋಮವಾರ ಅಲ್ವೇನಮ್ಮ?” ಅಂದೆ, ಗಂಭೀರವಾಗಿ. “ಹಿಂದಿನ ಜನ್ಮದಲ್ಲಿ ಯಾವುದೋ ಮಠದಲ್ಲಿದ್ದ ಜೀವ. ಪೂಜೆ ಆಗದೆ ಏನೂ ಮುಟ್ಟಲ್ಲ.”

ನಾಲ್ಕು ಸೋಮವಾರ ಹೀಗೇ ನಡೆಸಿದೆ. ಬೀದಿಗೆ ಬೀದಿಯೇ ಬಂದು ನೋಡಿತು. ಒಬ್ಬಾಕೆ ಬುಟ್ಟಿಗೆ ಕೈಮುಗಿದಳು. ನನ್ನಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳುವವನು ಈ ತಾಲ್ಲೂಕಿನಲ್ಲಿದ್ದರೆ ಬರಲಿ, ಶಾಲು ಹೊದಿಸುತ್ತೇನೆ.

ಆದರೆ ಗೌರಮ್ಮ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿ ನಂಬಿಬಿಟ್ಟರು. ಮನೆಯಲ್ಲಿ ಪೂಜಿಸುವ ಲಿಂಗದ ಮೇಲಿಂದ ತೆಗೆದ ಹೂವನ್ನು ಕಸಕ್ಕೆ ಹಾಕುವಂತಿಲ್ಲ, ತುಳಿಯುವಂತಿಲ್ಲ. ಆಕೆ ದಿನವೂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೇಮಾವತಿಗೆ ಬಿಡುತ್ತಿದ್ದರು. ಮಂಡಿ ನೋವು ಬೇರೆ. ಮನೆಯಲ್ಲೇ ಬೆಳ್ಳಿಯಂಥ ಶಿವಭಕ್ತೆ ಇರುವಾಗ ಹೊಳೆಯವರೆಗೆ ಯಾಕೆ ನಡೆಯಬೇಕು?

ಹೋದ ತಿಂಗಳು ಒಂದು ಮಂಗಳವಾರ ಬೇಲಿಯಾಚೆ ಇಣುಕಿದೆ. ಬೆಳ್ಳಿಯ ಮುಂದೆ ಬಾಳೆಲೆ. ಅದರ ಮೇಲೆ ಹಿಂದಿನ ದಿನದ ಕಣಗಿಲೆ ಹೂವು, ಎಲೆಯ ಸಮೇತ. ಒಂದು ಎಲೆ ಅರ್ಧ ಮಾಯವಾಗಿತ್ತು.

ನನ್ನ ಹುಟ್ಟೂರು ದಂಡಿಗನಹಳ್ಳಿಯಲ್ಲಿ ನಮ್ಮಪ್ಪನ ಕರು ಒಮ್ಮೆ ಕಣಗಿಲೆಗೆ ಬಾಯಿ ಹಾಕಿತ್ತು. ಸಂಜೆಗೆ ಕರು ಇರಲಿಲ್ಲ.

“ಗೌರಮ್ಮ, ತೆಗೀರಿ! ವಿಷ ಅದು!”

“ದ್ಯಾವ್ರ ಮ್ಯಾಲಿನ ಊವ ಇಸ ಅಂತಾನಲ್ಲ! ಓಗಪ್ಪ ಓಗು, ನಿಂದೊಂದು ತಮಾಸೆ.”

“ಒಪ್ಪತ್ತಿನ ಮಾತೇ ಸುಳ್ಳು ಕಣಮ್ಮ. ಗರಿಕೆ ತಿನ್ನಿಸ್ತಿದ್ದೋನು ನಾನೇ!”

“ಇದ್ಯಾವ್ದು ಒಸಾ ಸುಳ್ಳು?” ಎಂದು ನಕ್ಕರು.

ನೋಡಿದಿರಾ? ಸುಳ್ಳಿಗೆ ಕೈಮುಗಿದವರು ನಿಜಕ್ಕೆ ನಗುತ್ತಾರೆ!

ಉಳಿದ ಅರ್ಧ ಎಲೆಯನ್ನು ಜೇಬಿಗೆ ಹಾಕಿಕೊಂಡು, ಬುಟ್ಟಿಯನ್ನೆತ್ತಿ ದನದ ಆಸ್ಪತ್ರೆಗೆ ಓಡಿದೆ. “ನನ್ ಬೆಳ್ಳೀನ ಎತ್ಕೊಂಡ್ ಓಯ್ತಾವ್ನೆ!” ಎಂದು ಕೂಗುತ್ತಾ ಗೌರಮ್ಮ ಹಿಂದೆಯೇ ಬಂದರು.

ಡಾಕ್ಟರು ನನ್ನನ್ನು ಕಂಡೊಡನೆ ಬಾಗಿಲಿಗೆ ಅಡ್ಡ ನಿಂತರು. ಕಾರಣ ಉಂಟು. ಅವರು ಊರಿಗೆ ಹೊಸದಾಗಿ ಬಂದಾಗ, “ಬಸವ ಎಂಟು ದಿನದಿಂದ ಮೇವು ಮುಟ್ಟಿಲ್ಲ, ಕೂತಲ್ಲಿಂದ ಎದ್ದಿಲ್ಲ” ಎಂದು ಅವರನ್ನು ಚೀಲ ಸಮೇತ ಕರೆದೊಯ್ದು ದೇವಸ್ಥಾನದ ಕಲ್ಲು ಬಸವನ ಮುಂದೆ ನಿಲ್ಲಿಸಿದ್ದೆ.

“ಇದಕ್ಕಾದರೂ ಜೀವ ಇದೆಯೋ?” ಅಂದರು.

ಎಲೆ ತೆಗೆದು ಕೊಟ್ಟೆ. ಹಲ್ಲಿನ ಗುರುತು ನೋಡಿ ಅವರು ಬಾಗಿಲು ಬಿಟ್ಟರು. ಬೆಳ್ಳಿಯ ಎದೆ ಮುಟ್ಟಿ ನೋಡಿದರು. ಇದ್ದಿಲ ಪುಡಿಯನ್ನು ನೀರಿಗೆ ಕದಡಿ ಬಾಯಿಗೆ ತೊಟ್ಟು ತೊಟ್ಟಾಗಿ ಬಿಟ್ಟರು.

“ಮೊಲಕ್ಕೆ ವಾಂತಿ ಮಾಡೋಕೆ ಬರೋದಿಲ್ಲ. ಒಳಗೆ ಹೋದದ್ದು ಹೋಯಿತು. ಎಕ್ಕ, ದತ್ತೂರಿ, ಕಣಗಿಲೆ ಹತ್ತಿರವೂ ತರಬೇಡಿ. ಈರುಳ್ಳಿ, ಆಲೂಗೆಡ್ಡೆ ಸೊಪ್ಪೂ ಬೇಡ.”

“ಎಕ್ಕ, ದತ್ತೂರಿ, ಕಣಗ್ಲೆ ಎಲ್ಲಾ ಶಿವಂಗೆ ಏರ್ಸೋವೇ ಅಲ್ವಾ ಸಾ?” ಗೌರಮ್ಮ ಕೇಳಿದರು.

“ಶಿವ ವಿಷವನ್ನು ಗಂಟಲಲ್ಲೇ ತಡೆದ. ಮೊಲಕ್ಕೆ ಆ ಗಂಟಲಿಲ್ಲ ತಾಯಿ.”

ಎರಡು ದಿನ ಬೆಳ್ಳಿ ಕಿವಿ ಇಳಿಬಿಟ್ಟು ಆಕೆಯ ತೊಡೆಯ ಮೇಲೇ ಇತ್ತು. ಗೌರಮ್ಮ ನನಗೂ ಒಂದು ಲೋಟ ಮಜ್ಜಿಗೆ ಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರನೆಯ ದಿನ ಅದು ಒಂದು ಎಳೆ ಗರಿಕೆ ಕಡಿಯಿತು. ನಾನು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ. (ಹೊಗೆ ಇತ್ತು.)

ಅಲ್ಲಿಗೆ ಮುಗಿಯಿತೇ? “ಇಸ ಉಂಡ್ರೂ ಏನಾಗ್ಲಿಲ್ಲ ಕಣ್ಲಾ, ಶಿವನೇ ಕಾಪಾಡವ್ನೆ” ಎಂದು ಬೀದಿಯಲ್ಲೆಲ್ಲ ಸುದ್ದಿ. ಮುಂದಿನ ಸೋಮವಾರ ಮೂವರು ಹೆಂಗಸರು ಎಕ್ಕದ ಮಾಲೆ ಹಿಡಿದು ಬಂದರು. ನಾನು ನಿಜ ಹೇಳಿದೆ. ನಕ್ಕರು. ಗೌರಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು “ಬ್ಯಾಡ ಕಣ್ರವ್ವಾ” ಎಂದರು.

“ಪುಣ್ಯ ಎಲ್ಲಾ ನಿಮ್ಗೊಬ್ರಿಗೇ ಬೇಕಾ?” ಎಂದು ಒಬ್ಬಾಕೆ ಮುಂದೆ ನುಗ್ಗಿದಳು.

ಗೌರಮ್ಮ ನನ್ನತ್ತ ತಿರುಗಿದರು. “ಏನಾರಾ ಒಂದ್ ಏಳಪ್ಪ!”

ಹೇಳಿದೆ. “ವಿಷ ಗೆದ್ದ ಮೇಲೆ ಬೆಳ್ಳಿ ದೊಡ್ಡ ವ್ರತ ಹಿಡಿದಿದ್ದಾಳೆ. ಇನ್ನು ಹೂವು ತೋರಿಸಿದರೂ ವ್ರತಭಂಗ. ಪಾಪ ತಂದವರ ತಲೆಗೆ.”

ಮೂರು ಮಾಲೆಗಳೂ ಸೆರಗಿನ ಹಿಂದೆ ಮಾಯವಾದವು. ಅಂದಿನಿಂದ ಬೆಳ್ಳಿಯ ಹತ್ತಿರ ಯಾರೂ ಹೂವು ತಂದಿಲ್ಲ.

ಈಗ ನೀವೇ ಹೇಳಿ, ಈ ವಯಸ್ಸಿನಲ್ಲಿ ನಾನು ಸುಳ್ಳು ಬಿಡಬೇಕೇ?