ಸೋಲುವ ಹೊಲಿಗೆ

ಅವರ ಎರಡೂ ಕಿರುಬೆರಳುಗಳ ಒಳಮಗ್ಗುಲಲ್ಲಿ, ಗಿಣ್ಣಿನ ಮಡಿಕೆಯಲ್ಲೇ, ದಾರ ಕೊರೆದು ಆದ ಕಪ್ಪು ಗೀರುಗಳಿದ್ದವು. ಮೇಣ ತಿಕ್ಕಿದ ದಾರವನ್ನು ಎರಡು ಕೈಯಲ್ಲಿ ಎರಡು ದಿಕ್ಕಿಗೆ ಜಗ್ಗಿ ಜಗ್ಗಿ ಅಲ್ಲಿನ ಚರ್ಮ ಸೀಳಿ, ಮಾಗಿ, ಮತ್ತೆ ಸೀಳಿತ್ತು. ಎಷ್ಟು ತೊಳೆದರೂ ಆ ಕಪ್ಪು ಹೋಗುತ್ತಿರಲಿಲ್ಲ. ಟೀ ಲೋಟ ಹಿಡಿದಾಗ ಆ ಎರಡು ಬೆರಳು ಮಾತ್ರ ಮಡಚದೆ ಆಚೆಗೆ ಚಾಚಿಕೊಂಡಿರುತ್ತಿದ್ದವು.

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಎಲ್ಲರಿಗೂ ಅವರು ಜೀನಿನಕ್ಕ. ಅಪ್ಪ ಜಟಕಾ ಕುದುರೆಗಳ ಸರಂಜಾಮು ಹೊಲಿಯುತ್ತಿದ್ದವರು. ಗಂಡುಮಕ್ಕಳಿಲ್ಲದ ಮನೆ, ಮಗಳೇ ದಬ್ಬಣ ಹಿಡಿದರು. ಜಟಕಾಗಳು ಬೀದಿ ಬಿಟ್ಟ ಮೇಲೆ ಎತ್ತಿನ ಗೆಜ್ಜೆಪಟ್ಟಿ, ತಮಟೆಯ ಹೆಗಲುಪಟ್ಟಿ, ನಾಯಿ ಬೆಲ್ಟು, ಕಿತ್ತುಹೋದ ಸ್ಕೂಲ್ ಬ್ಯಾಗು ಎಲ್ಲವನ್ನೂ ಹೊಲಿದರು. ಆದರೂ ಸುತ್ತಮುತ್ತ ಕುದುರೆ ಸಾಕಿದವರು ಯಾರಿದ್ದರೂ ಜೀನು, ಲಗಾಮು ಅಂದರೆ ಅವರ ಹತ್ತಿರವೇ ಬರುತ್ತಿದ್ದರು.

ಕೂತು ಮಾಡುವ ಕೆಲಸ, ಕೂರಲಾಗದ ಹೆಂಗಸು. ಹತ್ತು ಹೊಲಿಗೆ ಹಾಕುವುದು, ಏಳುವುದು, ಬಾಗಿಲಿಗೆ ಬಂದು ರಸ್ತೆಯನ್ನೊಮ್ಮೆ ನೋಡುವುದು, ಒಳಗೆ ಹೋಗಿ ಮತ್ತೆ ಹತ್ತು ಹೊಲಿಗೆ. ಯಾರನ್ನು ಕಾಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಯಾರ್ನೂ ಇಲ್ಲ ಕಣಪ್ಪ. ಕೂತ್ರೆ ಮನ್ಸು ಓಡ್ತದೆ. ಅದರ ಇಂದೆ ನಾನೂ ಓಡ್ಬೇಕಲ್ಲ" ಎಂದಿದ್ದರು.

ನಾನು ಆಗ ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ಕುದುರೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಐದು ಕುದುರೆ. ಬಂದವರನ್ನು ಹತ್ತಿಸಿ ನೀರಿನ ಅಂಚಿನವರೆಗೆ ಕರೆದುಕೊಂಡು ಹೋಗಿ ಬರುವುದು ಕೆಲಸ. ಐದರಲ್ಲಿ ಒಂದು ಕೆಂಪಿ. ರೇಸಿನಿಂದ ಹೊರಬಿದ್ದ ಹೆಣ್ಣು ಕುದುರೆ, ಹೆಸರಿಗೆ ತಕ್ಕ ಬಣ್ಣ, ನಿಂತಲ್ಲಿ ನಿಲ್ಲದ ಕಾಲು. ಲಗಾಮು ಸ್ವಲ್ಪ ಬಿಗಿಯಾದರೆ ಸಾಕು, ತಲೆಯನ್ನು ಆಕಾಶಕ್ಕೆ ಎಸೆಯುತ್ತಿತ್ತು. ಒಂದು ದಿನ ಹಾಗೆ ಎಸೆದಾಗ ಮೇಲೆ ಕೂತಿದ್ದ ಅತಿಥಿಯೊಬ್ಬರ ಮೂಗಿಗೆ ಬಡಿದು ಅಂಗಿಯೆಲ್ಲ ರಕ್ತವಾಯಿತು. ಮೈಸೂರಿನಿಂದ ಮಾಲೀಕರು ಫೋನ್ ಮಾಡಿದರು.

"ಒಂದು ತಿಂಗಳು ಟೈಮು. ಸರಿಹೋದರೆ ಇರಲಿ. ಇಲ್ಲದಿದ್ದರೆ ಮದುವೆ ಸಾರೋಟಿನವರು ಕೇಳ್ತಿದ್ದಾರೆ, ಕೊಟ್ಟುಬಿಡೋಣ."

ವಾದ್ಯ, ಪಟಾಕಿ, ಜನರೇಟರಿನ ಸದ್ದು, ಅದರ ನಡುವೆ ಕೆಂಪಿ. ಮರುದಿನವೇ ಬಸ್ಸು ಹತ್ತಿ ಹುಣಸೂರಿಗೆ ಬಂದೆ.

ಕುದುರೆ ತಲೆ ಎಸೆಯದಂತೆ ಕಟ್ಟುವ ಪಟ್ಟಿಗೆ ನಾವು ಮಾರ್ಟಿಂಗೇಲ್ ಎನ್ನುತ್ತೇವೆ. ಅವರ ಬಾಯಲ್ಲಿ ಅದು ಜೇರ್‌ಬಂದ್. ಅದರಲ್ಲಿ ಎರಡು ಬಗೆ. ಒಂದು, ಹೊಟ್ಟೆಪಟ್ಟಿಯಿಂದ ಮುಂಗಾಲುಗಳ ನಡುವೆ ಬಂದು ನೇರವಾಗಿ ಮೂಗುಪಟ್ಟಿಗೆ ಕಟ್ಟುವಂಥದ್ದು. ಕಟ್ಟಿದರೆ ಕಟ್ಟಿದ್ದೇ, ತಲೆ ಅದರಾಚೆ ಏಳುವುದಿಲ್ಲ. ಇನ್ನೊಂದು ಎದೆಯ ಹತ್ತಿರ ಎರಡು ಕವಲಾಗಿ, ಕವಲಿನ ತುದಿಗೆ ಒಂದೊಂದು ಬಳೆ ಇರುವಂಥದ್ದು. ಲಗಾಮು ಆ ಬಳೆಗಳೊಳಗೆ ಹಾದುಹೋಗುತ್ತದೆ. ತಲೆ ಮಿತಿಮೀರಿ ಎದ್ದಾಗ ಮಾತ್ರ ಅದು ಲಗಾಮನ್ನು ಕೆಳಗೆ ಜಗ್ಗುತ್ತದೆ, ಉಳಿದಂತೆ ಸಡಿಲ.

"ಮೊದಲನೇದು ಮಾಡಿಕೊಡಿ ಅಕ್ಕ. ಗಟ್ಟಿಯಾಗಿ, ಗಿಡ್ಡವಾಗಿ" ಎಂದೆ.

ಅವರು ಎದ್ದು ಬಾಗಿಲಿಗೆ ಹೋಗಿ ಬಂದರು. "ಯಾವಾಗ ತಲೆ ಎಸೀತದೆ? ಎಳ್ದಾಗಲೋ, ಬುಟ್ಟಾಗಲೋ?"

ನಾನು ಯೋಚಿಸಿರಲಿಲ್ಲ.

"ಡಾಕ್ಟ್ರಿಗೆ ಅದರ ಬಾಯಿ, ಅಲ್ಲು ನೋಡ್ಸಿದ್ದೀಯಾ? ಜೀನು ಎಗಲ ಮೇಲೆ ಒತ್ತುತ್ತಾ ಅಂತ ಕೈಯಾಕಿ ನೋಡಿದ್ದೀಯಾ?"

"ಒಂದು ತಿಂಗಳು ಟೈಮು ಅಕ್ಕ..."

"ತಿಂಗ್ಳು ನಿಂಗೆ ಕಣಪ್ಪ. ಕುದ್ರೆಗೆ ಗೊತ್ತಾ ಅದು? ಮೊದ್ಲು ನಾನು ಅದ್ನ ನೋಡ್ಬೇಕು. ನೋಡ್ದೆ ದಬ್ಬಣ ಮುಟ್ಟಕಿಲ್ಲ."

ಎರಡು ದಿನ ಬಿಟ್ಟು ಬಸ್ಸಿನಲ್ಲಿ ನಮ್ಮ ಕಡೆಯ ಕೂಡುರಸ್ತೆ ಹ್ಯಾಂಡ್‌ಪೋಸ್ಟಿಗೆ ಬಂದಿಳಿದರು. ಬೈಕಿನಲ್ಲಿ ಕರೆತಂದೆ. ಕೆಂಪಿಯ ಹತ್ತಿರ ಹೋಗಿ ಮಾತಾಡಲಿಲ್ಲ, ತಟ್ಟಲಿಲ್ಲ. ಸುಮ್ಮನೆ ಸುತ್ತ ಎರಡು ಸುತ್ತು ಬಂದರು. ಜೀನಿನ ಕೆಳಗೆ ಕೈ ತೂರಿಸಿ, "ಬಾ, ನೀನೂ ಕೈಯಾಕು" ಎಂದರು. ಮುಂಭಾಗದಲ್ಲಿ ಒಳಗಿನ ಮೆತ್ತೆ ಗಂಟುಕಟ್ಟಿ ಕಲ್ಲಾಗಿತ್ತು. ಆಮೇಲೆ ನನ್ನನ್ನು ಹತ್ತಲು ಹೇಳಿ ಕಾಲು ಗಂಟೆ ಓಡಿಸಿ ನೋಡಿದರು. ಕೆಂಪಿ ಆರು ಸಲ ತಲೆ ಎಸೆಯಿತು.

"ಆರು ಸಲವೂ ನೀನು ಮೊದ್ಲು ಎಳ್ದೆ, ಆಮ್ಯಾಕೆ ಅದು ಎಸೀತು" ಎಂದರು. "ಅದು ಎಸೀತದೆ ಅಂತ ನೀ ಎಳೀತೀಯ, ನೀ ಎಳೀತೀಯ ಅಂತ ಅದು ಎಸೀತದೆ. ಇಬ್ರಿಗೂ ಎದ್ರಿಕೆ."

ಜೀನನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಸ್ಸು ಹತ್ತಿದರು. ವಾರದಲ್ಲಿ ಮೆತ್ತೆ ಬಿಚ್ಚಿ, ಉಣ್ಣೆ ಹಿಂಜಿ ಮತ್ತೆ ತುಂಬಿ ಕಳಿಸಿದರು. ಪಶುವೈದ್ಯರು ಬಂದು ದವಡೆಯ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿ ಹೋದರು. ಎಸೆತ ಅರ್ಧಕ್ಕರ್ಧ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಆಗ ಜೇರ್‌ಬಂದ್ ಬಂತು, ನಾನು ಕೇಳಿದ್ದಲ್ಲ, ಬಳೆಗಳಿದ್ದದ್ದು. ತಾವೇ ಬಂದು ಕಟ್ಟಿ ತೋರಿಸಿದರು. ಬಳೆಗಳು ಬಾಯಿಯ ಕಡಿವಾಣಕ್ಕೆ ಸಿಕ್ಕಿಕೊಳ್ಳದಂತೆ ಲಗಾಮಿನ ಮೇಲೆ ಎರಡು ಚರ್ಮದ ತಡೆಗಳನ್ನು ಹೊಲಿದಿದ್ದರು. ಕುದುರೆಯ ಕತ್ತಿನ ಸುತ್ತಲಿನ ಪಟ್ಟಿಗೆ ನನ್ನ ಬೆರಳು ಸಿಕ್ಕಿಸಿ, "ಎದ್ರಿಕೆ ಆದಾಗ ಇದ್ನ ಇಡ್ಕೊ. ಅದರ ಬಾಯಿ ಇಡ್ಕೊಬ್ಯಾಡ" ಎಂದರು.

"ಇಷ್ಟು ಉದ್ದ ಇದ್ದರೆ ಏನು ಪ್ರಯೋಜನ ಅಕ್ಕ?"

"ತಲೆ ಸರಿಯಾಗಿದ್ದಾಗ ಅದು ಇದೆ ಅಂತ್ಲೇ ಗೊತ್ತಾಗ್ಬಾರ್ದು. ಮೂರು ತಿಂಗ್ಳು ತಾಳ್ಮೆ ಇರ್ಲಿ."

ನನಗೆ ಉಳಿದಿದ್ದದ್ದು ಒಂಬತ್ತು ದಿನ. ಏಳು ದಿನ ಕಾದೆ. ಕೆಂಪಿ ದಿನಕ್ಕೊಮ್ಮೆಯಾದರೂ ತಲೆ ಎಸೆಯುತ್ತಲೇ ಇತ್ತು. ಎಂಟನೆಯ ಬೆಳಿಗ್ಗೆ, ಮಾಲೀಕರು ನಾಳೆ ಬರುತ್ತಾರೆ ಎಂಬ ಸುದ್ದಿ ಕೈಯಲ್ಲಿ ಹಿಡಿದು, ಮಾಡಬಾರದ್ದನ್ನು ಮಾಡಿದೆ. ಬಳೆಗಳಿಂದ ಲಗಾಮು ಬಿಚ್ಚಿದೆ. ಆ ಬಳೆಗಳನ್ನು ನೈಲಾನ್ ಹಗ್ಗದಿಂದ ಮೂಗುಪಟ್ಟಿಗೇ ಬಿಗಿದೆ. ಪಟ್ಟಿ ಉದ್ದವಾಯಿತೆಂದು ಮೊಳೆಯಿಂದ ಹೊಸ ತೂತು ಹೊಡೆದು ಗಿಡ್ಡ ಮಾಡಿದೆ. ಕೆಂಪಿಯ ತಲೆ ಇಟ್ಟಲ್ಲೇ ನಿಂತಿತು. ಎಷ್ಟು ಚೆಂದ ಕಂಡಿತೆಂದರೆ ಮೊಬೈಲಿನಲ್ಲಿ ಫೋಟೋ ತೆಗೆದೆ.

ಹಿನ್ನೀರಿನ ಕಡೆ ಒಂದು ಹಳ್ಳ ದಾಟಬೇಕು. ಮೊಣಕಾಲುದ್ದ ನೀರು, ಕೆಳಗೆ ಜಾರುವ ಕಲ್ಲು. ದಿನವೂ ದಾಟುತ್ತಿದ್ದ ಜಾಗ. ಅಂದು ಕೆಂಪಿಯ ಮುಂಗಾಲು ಜಾರಿತು. ಎಡವಿದ ಕುದುರೆ ತಲೆಯನ್ನು ಮೇಲೆ ಚಿಮ್ಮಿಸಿ ತೂಕ ಹಿಂದಕ್ಕೆ ತಂದುಕೊಳ್ಳುತ್ತದೆ. ಚಿಮ್ಮಿಸಲು ಆಗಲಿಲ್ಲ. ಎರಡೂ ಮಂಡಿ ಕಲ್ಲಿಗೆ ಬಡಿದು ಮುಂದಕ್ಕೆ ಬಿತ್ತು. ನಾನು ಕತ್ತಿನ ಮೇಲಿಂದ ನೀರಿಗೆ ಹಾರಿಬಿದ್ದೆ. ಎದ್ದು ನೋಡಿದರೆ ಕೆಂಪಿ ಮೂಗು ನೀರೊಳಗಿಟ್ಟು ಒದ್ದಾಡುತ್ತಿತ್ತು. ಮೂಗು ಎತ್ತಲಾಗದು, ಏಳಲಾಗದು. ನಾನು ಹಗ್ಗದ ಗಂಟಿಗೆ ಕೈ ಹಾಕಿದೆ, ಒದ್ದೆ ನೈಲಾನ್ ಬಿಚ್ಚಲಿಲ್ಲ. ಅಷ್ಟರಲ್ಲಿ ಟಪ್ ಎಂದು ಏನೋ ಕಿತ್ತುಹೋಯಿತು. ಕೆಂಪಿಯ ತಲೆ ನೀರಿನಿಂದ ಮೇಲೆ ಬಂತು. ಕೆಮ್ಮುತ್ತ, ನಡುಗುತ್ತ ಎದ್ದು ನಿಂತಿತು.

ಪಟ್ಟಿ ಹೊಟ್ಟೆಯ ಹತ್ತಿರ, ಕುಣಿಕೆ ಕೂಡುವ ಜಾಗದಲ್ಲಿ, ಹೊಲಿಗೆ ಬಿಟ್ಟಿತ್ತು.

ಮರುದಿನ ಮಾಲೀಕರು ಬಂದಾಗ ಕೆಂಪಿಯ ಎರಡೂ ಮಂಡಿಗೆ ಬ್ಯಾಂಡೇಜು. ಹೇಗಾಯಿತು ಎಂದರು. ನನ್ನ ಬಾಯಿಂದ ಬಂದ ಮಾತು ಇದು: "ಪಟ್ಟಿ ಹೊಲಿಗೆ ಕಿತ್ತೋಯ್ತು ಸಾರ್. ಅದಕ್ಕೇ ಬಿತ್ತು."

ಬಿದ್ದ ಮೇಲೆ ಕಿತ್ತದ್ದನ್ನು ಕಿತ್ತ ಮೇಲೆ ಬಿದ್ದದ್ದಾಗಿ ಮಾಡಿದೆ, ಅಷ್ಟೇ. ನೈಲಾನ್ ಹಗ್ಗವನ್ನು ಆಗಲೇ ಕತ್ತರಿಸಿ ಎಸೆದಿದ್ದೆ.

ಪಶುವೈದ್ಯರಿಂದ ಸುದ್ದಿ ತಿಳಿದ ಜೀನಿನಕ್ಕ ಅದೇ ದಿನ ಮಧ್ಯಾಹ್ನ, ಯಾರೂ ಕರೆಯದೆ, ಕುದುರೆ ನೋಡಲು ಬಂದುಬಿಟ್ಟರು. ಮಾಲೀಕರು ಲಾಯದಲ್ಲೇ ಇದ್ದರು. ಪಟ್ಟಿಯನ್ನು ಅವರ ಮುಂದೆ ಹಿಡಿದು, "ನೋಡಮ್ಮ ನಿಮ್ಮ ಕೆಲಸ. ಇದನ್ನು ನಂಬಿ ನಾವು ಜನರನ್ನು ಹತ್ತಿಸಬೇಕಾ?" ಎಂದರು.

ಜೀನಿನಕ್ಕ ಪಟ್ಟಿ ಇಸಿದುಕೊಂಡರು. ಹೊಲಿಗೆ ನೋಡಿದರು. ಬಳೆಗಳ ಮೇಲೆ ಹಗ್ಗ ಉಜ್ಜಿದ ಗೀಚನ್ನು ಹೆಬ್ಬೆರಳಲ್ಲಿ ಸವರಿದರು. ಮೊಳೆಯಿಂದ ಹೊಡೆದ ತೂತಿನಲ್ಲಿ ಉಗುರು ಇಟ್ಟರು. ಆಮೇಲೆ ನನ್ನನ್ನು ನೋಡಿದರು.

"ಔದು ಸ್ವಾಮಿ. ಒಲ್ಗೆ ನಂದೇ. ಸೋತದೆ" ಎಂದರು.

"ಇನ್ನು ಮೇಲೆ ನಮ್ಮ ಕೆಲಸ ನಿಮಗೆ ಕೊಡಲ್ಲ."

"ಆಗ್ಲಿ. ಕುದ್ರೆ ಸಾರೋಟಿಗೆ ಕೊಡ್ಬ್ಯಾಡಿ. ತಪ್ಪು ಅದರದಲ್ಲ."

ಮಾಲೀಕರು ಯೋಚಿಸಿ, ಗಾಯ ಮಾಗುವವರೆಗೆ ಇರಲಿ ಎಂದರು.

ಅವರನ್ನು ಹ್ಯಾಂಡ್‌ಪೋಸ್ಟಿಗೆ ಬಿಡಲು ಹೊರಟೆ. ಅರ್ಧ ದಾರಿಯಲ್ಲಿ ಬೈಕ್ ನಿಲ್ಲಿಸಿದೆ. "ಯಾಕಕ್ಕ ಹಂಗಂದ್ರಿ?" ಎಂದೆ.

ಅವರು ಇಳಿದು ರಸ್ತೆಯಂಚಿನಲ್ಲಿ ಆ ಕಡೆ ಈ ಕಡೆ ನಡೆದಾಡುತ್ತ ಹೇಳಿದರು. ಅಪ್ಪ ತೀರಿಕೊಂಡ ವರ್ಷ, ಅವರೊಬ್ಬರೇ ಹೊಲಿದ ಮೊದಲ ಜೇರ್‌ಬಂದ್ ಕೆ.ಆರ್. ನಗರದ ಕಡೆಯ ಒಬ್ಬ ಗೌಡರಿಗೆ. ಕೇಳಿದಂತೆಯೇ ಮೂಗಿಗೆ ಕಟ್ಟುವಂಥದ್ದು, ಗಿಡ್ಡದ್ದು. ಹೆಂಗಸಿನ ಹೊಲಿಗೆ ಎಂದು ಯಾರೂ ಆಡಬಾರದೆಂದು ಒಂದಕ್ಕೆ ಎರಡು ಸಾಲು ಹಾಕಿದ್ದರಂತೆ. ತಿಂಗಳೊಳಗೆ ಆ ಕುದುರೆ ಬೆದರಿ ತುಂಬಿದ ನಾಲೆಗೆ ಬಿತ್ತು. ಗೌಡರು ದಡ ಹತ್ತಿದರು. ಈಜಬೇಕಾದರೆ ಕುದುರೆ ಮೂಗು ಮೇಲೆ ಚಾಚಬೇಕು.

"ಸತ್ತ ಕುದ್ರೆ ಮೈಯಿಂದ ಬಿಚ್ಚಿ ತಂದು ನನ್ ಮುಂದೆ ಇಟ್ರು. ಬಯ್ಯಾಕಲ್ಲ ಕಣಪ್ಪ, ಒಗಳಾಕೆ. 'ಅಷ್ಟು ಒದ್ದಾಡುದ್ರೂ ನಿನ್ ಒಲ್ಗೆ ಒಂದೂ ಬಿಚ್ಚಿಲ್ಲ ನೋಡವ್ವ' ಅಂದ್ರು." ಅವರು ನಿಂತರು. "ಅವತ್ತಿಂದ ನಾನು ಮಾಡೋ ಪ್ರತಿಯೊಂದ್ರಲ್ಲೂ ಒಂದು ಜಾಗದಲ್ಲಿ ಬರೀ ನೂಲು ಆಕ್ತೀನಿ, ಮೇಣ ಇಲ್ದೆ. ಸೋಲೋ ಒಲ್ಗೆ. ಯಾರ್ಗೂ ಏಳಕಿಲ್ಲ. ಏಳುದ್ರೆ ಅದ್ನೂ ಬಿಗಿ ಮಾಡ್ಸ್ಕೊತಾರೆ."

"ನಾನು ಮಾಲೀಕರಿಗೆ ನಿಜ ಹೇಳ್ತೀನಿ ಅಕ್ಕ."

"ಈಗ ಏಳುದ್ರೆ ನಿನ್ನ ಕಳಿಸ್ತಾರೆ. ನೀ ಓದ್ರೆ ಅದರ ಬಾಯಿ ಇನ್ಯಾರ ಕೈಗೋ. ಮೊದ್ಲು ಅದ್ನ ಸರಿ ಮಾಡು, ಆಮ್ಯಾಕೆ ಏಳು."

ಆಮ್ಯಾಕೆ. ಆ ಒಂದು ಮಾತಿನ ಹಿಂದೆ ನಾನು ಮೂರು ವರ್ಷ ಅಡಗಿದ್ದೆ.

ಕೆಂಪಿ ಸರಿಹೋಯಿತು. ಐದು ತಿಂಗಳು ಹಿಡಿಯಿತು. ಬಳೆಯ ಜೇರ್‌ಬಂದನ್ನು ಮಾಲೀಕರಿಗೆ ಗೊತ್ತಾಗದಂತೆ ಅಕ್ಕ ಮತ್ತೆ ಹೊಲಿದುಕೊಟ್ಟರು, ಅದನ್ನು ಉದ್ದವಾಗಿಯೇ ಕಟ್ಟಿದೆ. ಹೆದರಿದಾಗ ಕತ್ತಿನ ಪಟ್ಟಿ ಹಿಡಿದೆ. ನನ್ನ ಕೈ ಕಲಿತಂತೆ ಅದರ ತಲೆ ಇಳಿಯಿತು. ಮಾಲೀಕರು ನನ್ನನ್ನು ಹೊಗಳಿದರು. ಅದೇ ಬಾಯಲ್ಲಿ ಕುದುರೆ ಇದ್ದವರಿಗೆಲ್ಲ, "ಹುಣಸೂರಿನ ಆಕೆ ಹೊಲಿಗೆ ನಿಲ್ಲಲ್ಲ, ಹುಷಾರು" ಎಂದೂ ಹೇಳಿದರು. ಪಿರಿಯಾಪಟ್ಟಣದವರು ಬಿಟ್ಟರು. ಮೈಸೂರಿನವರು ಬಿಟ್ಟರು. ರೆಡಿಮೇಡ್ ಸರಂಜಾಮು ಬೆಂಗಳೂರಿನಿಂದ ಕೊರಿಯರಿನಲ್ಲಿ ಬರತೊಡಗಿತು. ಜೀನಿನಕ್ಕನ ಅಂಗಡಿಯಲ್ಲಿ ಜೀನು ಕಾಣುವುದು ನಿಂತಿತು. ನಾನು ಹೋದಾಗಲೆಲ್ಲ ಟೀ ತರಿಸುತ್ತಿದ್ದರು, ಕೆಂಪಿ ಹೇಗಿದೆ ಎನ್ನುತ್ತಿದ್ದರು. ಹೇಳಿದೆಯಾ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು, ಮೈಸೂರಿನ ಆಸ್ಪತ್ರೆಯಲ್ಲಿ ಹತ್ತು ದಿನ. ನನಗೆ ತಿಳಿದದ್ದು ಮಣ್ಣಾದ ಮೇಲೆ. ಹನ್ನೊಂದನೆಯ ದಿನ ಮನೆಗೆ ಹೋದೆ. ಅವರ ಮಗಳು ಬಂದವರಿಗೆ ಎಲೆ ಹಾಸುತ್ತಿದ್ದಳು. ಈಗ ಅಂಗಡಿಯಲ್ಲಿ ಬ್ಯಾಗು ಹೊಲಿಯುವವಳು ಅವಳೇ. ಊಟವಾದ ಮೇಲೆ ನನ್ನ ಹತ್ತಿರ ಬಂದು ಕೂತಳು.

"ಅವ್ವಂಗೆ ಕಣ್ಣು ಮಂಜಾಗಿತ್ತು ಅನ್ಸುತ್ತೆ ಅಣ್ಣ. ಇಲ್ದಿದ್ರೆ ನಿಮ್ ರೆಸಾರ್ಟಿನ ಕೆಲ್ಸದಲ್ಲಿ ಅಂಗಾಗ್ತಿರ್ಲಿಲ್ಲ. ಅಲ್ಲಿಂದ್ಲೇ ಕುದ್ರೆ ಕೆಲ್ಸ ಎಲ್ಲ ಓಯ್ತು."

"ಕಣ್ಣು ಮಂಜಾಗಿರಲಿಲ್ಲ" ಎಂದೆ. ಮತ್ತೆ ನಿಲ್ಲಿಸಲಾಗಲಿಲ್ಲ. ಹಗ್ಗ, ಮೊಳೆ, ಹಳ್ಳ, ಸುಳ್ಳು ಎಲ್ಲವನ್ನೂ ಹೇಳಿದೆ. ನೂಲಿನ ಹೊಲಿಗೆಯನ್ನೂ ಹೇಳಿದೆ.

ಅವಳು ಅಳಲಿಲ್ಲ. ಎದ್ದು ನಿಂತಳು. "ಮೂರ್ ವರ್ಷ ಅಣ್ಣ. ಅವ್ವ ದಿನಾ ಬಾಗ್ಲಿಗೆ ಬಂದು ನಿಂತ್ಕೊತಿದ್ಲು. ಯಾರೋ ಕೆಲ್ಸ ತರ್ತಾರೆ ಅಂತ ಕಾಯ್ತಾಳೆ ಅಂತ ನಾವು ಅನ್ಕೊಂಡಿದ್ವಿ." ಬಾಗಿಲ ಕಡೆ ಕೈ ತೋರಿಸಿ, "ನಂಗೆ ಏಳಿ ಏನ್ ಬಂತು? ಓಗಿ ಅಲ್ಲಿ ಏಳಿ" ಎಂದಳು.

ಅಲ್ಲಿಂದ ನೇರವಾಗಿ ಮೈಸೂರಿಗೆ ಬಸ್ಸು ಹತ್ತಿದೆ. ಮಾಲೀಕರು ಕೂತು ಪೂರ್ತಿ ಕೇಳಿದರು. ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಂದೇ ಒಂದು ಪ್ರಶ್ನೆ ಕೇಳಿದರು: "ಆ ಹೊಲಿಗೆ ಕಿತ್ತೋಗದೆ ಇದ್ದಿದ್ದರೆ?"

"ಕೆಂಪಿ ಅವತ್ತೇ ಹೋಗ್ತಿತ್ತು ಸಾರ್."

ಬೇರೆ ಕೆಲಸ ನೋಡಿಕೊಳ್ಳಲು ಹೇಳಿದರು. ಅದು ಸರಿಯೇ. ಈಗ ಸರಗೂರಿನಲ್ಲಿ ಒಬ್ಬರ ತೋಟದಲ್ಲಿದ್ದೇನೆ. ಕೆಂಪಿ ಇನ್ನೂ ಅಲ್ಲೇ ಇದೆ, ಮಕ್ಕಳನ್ನು ಹೊತ್ತು ನಡೆಯುತ್ತದೆ ಎಂದು ಕೇಳಿದ್ದೇನೆ.

ಭಾನುವಾರ ರಜೆ. ಅಕ್ಕನ ಹೊಲಿಗೆ ನಿಲ್ಲಲ್ಲ ಎಂಬ ಆ ಮಾತು ಯಾರ್‍ಯಾರ ಕಿವಿಗೆ ಬಿದ್ದಿತ್ತೋ ಅವರ ಮನೆಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಕೆಲವರು ಕೂರಿಸಿ ಕೇಳಿದರು. ಒಬ್ಬರು ಗೇಟಿನಲ್ಲೇ ನಿಲ್ಲಿಸಿ, "ಆಯ್ತು ಬಿಡಿ, ಆಯಮ್ಮ ಈಗಿಲ್ಲವಲ್ಲ" ಎಂದರು. ಇಲ್ಲ. ಆದರೂ ಹೇಳಿಯೇ ಬಂದೆ. ಪಿರಿಯಾಪಟ್ಟಣದಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬರು ಎರಡು ಸಲ ಹೋದರೂ ಸಿಗಲಿಲ್ಲ. ಈ ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೋಗಬೇಕು.